ಎತ್ತಿಗೆ ಜ್ವರ, ವ್ಯಾಂಡಲರಿಗೆ ಬರೆ

ರೋಮ್ ನಗರವನ್ನು ಸೂರೆ ಹೊಡೆದವರು ಒಬ್ಬಿಬ್ಬರಲ್ಲ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಗಾಲ್ ಜನ ನುಗ್ಗಿದರು. ಕ್ರಿ.ಶ. 410ರಲ್ಲಿ ಅಲಾರಿಕನ ವಿಸಿಗಾಥರು ಬಂದು ಮೂರು ದಿನ ದೋಚಿದರು. 455ರಲ್ಲಿ ಗೈಸರಿಕನ ವ್ಯಾಂಡಲರು 14 ದಿನ ದೋಚಿದರು. ಸಾವಿರ ವರ್ಷ ಕಳೆದ ಮೇಲೆ, 1527ರಲ್ಲಿ, ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನಿಕರು ಸಂಬಳ ಬಾಕಿ ಉಳಿದ ಸಿಟ್ಟಿಗೆ ಪೋಪನ ಊರಿಗೇ ನುಗ್ಗಿ ತಿಂಗಳುಗಟ್ಟಲೆ ಅಟ್ಟಹಾಸ ಮೆರೆದರು. ಇವರೂ ಕ್ರೈಸ್ತರೇ, ಅವರೂ ಕ್ರೈಸ್ತರೇ. ಇಷ್ಟು ಮಂದಿಯಲ್ಲಿ ಹಾಳು ಮಾಡುವ ಕೆಲಸಕ್ಕೇ ತಮ್ಮ ಹೆಸರು ಅಂಟಿಸಿಕೊಂಡವರು ವ್ಯಾಂಡಲರು ಮಾತ್ರ.

ಗಾಥರ ಹಣೆಬರಹ ನೋಡಿ. ಅವರ ಹೆಸರೂ ಮೊದಲು ಬೈಗುಳವೇ ಆಗಿತ್ತು. ನವೋದಯ ಕಾಲದ ಇಟಲಿಯವರು ತಮಗೆ ಹಿಡಿಸದ ಹಳೆಯ ಚೂಪು ಕಮಾನಿನ ಕಟ್ಟಡಗಳನ್ನು ಗಾಥರ ಕೆಲಸವೆಂದು ಹೀಯಾಳಿಸುತ್ತಿದ್ದರು. ಕಾಲ ತಿರುಗಿತು. ಈಗ ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳನ್ನು ತೋರಿಸುತ್ತ ಗೈಡುಗಳು ‘ಗಾಥಿಕ್ ಶೈಲಿ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ವ್ಯಾಂಡಲರಿಗೆ ಅಂಥ ಬಿಡುಗಡೆ ಸಿಗಲೇ ಇಲ್ಲ. ಬಸ್ಸಿನ ಸೀಟು ಹರಿದರೂ ವ್ಯಾಂಡಲಿಸಂ, ಪಾರ್ಕಿನ ಪ್ರತಿಮೆಯ ಕೈ ಮುರಿದರೂ ವ್ಯಾಂಡಲಿಸಂ, ವಿಕಿಪೀಡಿಯದ ಪುಟ ಕೆಡಿಸಿದರೂ ಅದೇ. ಕದಿಯುವುದಕ್ಕಲ್ಲ, ಗೆಲ್ಲುವುದಕ್ಕಲ್ಲ, ಯಾರಿಗೂ ನಯಾಪೈಸೆ ಲಾಭವಿಲ್ಲದೆ ಚೆಂದದ್ದನ್ನು, ಎಲ್ಲರಿಗೂ ಸೇರಿದ್ದನ್ನು ಕೆಡಿಸುವುದು ಈ ಪದದ ಅರ್ಥ. ತಮಾಷೆಯೆಂದರೆ ವ್ಯಾಂಡಲರು ರೋಮಿನಲ್ಲಿ ಮಾಡಿದ್ದು ಇದಕ್ಕೆ ತದ್ವಿರುದ್ಧವಾದ ಕೆಲಸ. ಅವರು ಬಂದದ್ದು ಅಪ್ಪಟ ಲಾಭಕ್ಕೆ.

ಜರ್ಮನ್ ಮೂಲದ ಈ ಕುಲ 406ರ ಕೊನೆಯಲ್ಲಿ ಅಲನ್ ಮತ್ತು ಸುಯೆಬಿ ಜನರ ಜೊತೆ ರೈನ್ ನದಿ ದಾಟಿತು. ಗಾಲ್ ಪ್ರಾಂತದಲ್ಲಿ ಅಲೆದು, 409ರಲ್ಲಿ ಸ್ಪೇನಿಗೆ ಇಳಿದು, 429ರಲ್ಲಿ ಗೈಸರಿಕನ ಹಿಂದೆ ಹೆಂಗಸರು ಮಕ್ಕಳ ಸಮೇತ ಸಮುದ್ರ ದಾಟಿ ಉತ್ತರ ಆಫ್ರಿಕಾ ಸೇರಿತು. ಹಿಪ್ಪೋ ಪಟ್ಟಣಕ್ಕೆ ಇವರು ಮುತ್ತಿಗೆ ಹಾಕಿದ್ದಾಗಲೇ, 430ರ ಆಗಸ್ಟ್‌ನಲ್ಲಿ, ಅಲ್ಲಿನ ಬಿಷಪ್ ಸಂತ ಅಗಸ್ಟೀನ್ ತೀರಿಕೊಂಡ. 439ರಲ್ಲಿ ಕಾರ್ಥೇಜ್ ಕೈವಶವಾಯಿತು. ರೋಮಿನ ಹೊಟ್ಟೆ ತುಂಬುತ್ತಿದ್ದ ಗೋಧಿ ಅಲ್ಲಿಂದ ಹೊರಡುತ್ತಿತ್ತು. ಒಲೆ ರೋಮಿನದು, ಕಣಜದ ಬೀಗದಕೈ ಗೈಸರಿಕನದು ಎಂಬಂತಾಯಿತು.

455ರ ಘಟನೆಗೂ ಹಿಂದೊಂದು ಮದುವೆಯ ರಗಳೆ ಇದೆ. ಚಕ್ರವರ್ತಿ ಮೂರನೇ ವ್ಯಾಲೆಂಟಿನಿಯನ್ ತನ್ನ ಮಗಳನ್ನು ಗೈಸರಿಕನ ಮಗನಿಗೆ ಕೊಡುವುದೆಂದು ಮಾತಾಗಿತ್ತು. ಆ ವರ್ಷ ಮಾರ್ಚ್‌ನಲ್ಲಿ ಚಕ್ರವರ್ತಿಯ ಕೊಲೆಯಾಯಿತು. ಗದ್ದುಗೆ ಏರಿದ ಪೆಟ್ರೋನಿಯಸ್ ಮ್ಯಾಕ್ಸಿಮಸ್ ವಿಧವೆ ರಾಣಿಯನ್ನು ಬಲವಂತವಾಗಿ ಮದುವೆಯಾಗಿ, ಅವಳ ಮಗಳನ್ನು ತನ್ನ ಮಗನಿಗೇ ತಂದುಕೊಂಡ. ಬೀಗತನ ಮುರಿದ ನೆಪ ಗೈಸರಿಕನಿಗೆ ಸಾಕಾಯಿತು. ಹಡಗುಗಳು ಬರುತ್ತಿವೆ ಎಂದು ತಿಳಿದೊಡನೆ ಓಡಲು ಹೊರಟ ಮ್ಯಾಕ್ಸಿಮಸ್‌ನನ್ನು ಜನರೇ ಕಲ್ಲು ಹೊಡೆದು ಕೊಂದರು. ಪೋಪ್ ಒಂದನೇ ಲಿಯೋ ಗೈಸರಿಕನನ್ನು ಎದುರುಗೊಂಡು, ಬೆಂಕಿ ಇಡಬೇಡ, ಜನರನ್ನು ಕಡಿಯಬೇಡ ಎಂದು ಕೇಳಿಕೊಂಡ. ಗೈಸರಿಕ್ ಒಪ್ಪಿದ ಎನ್ನುತ್ತದೆ ಆ ಕಾಲದ ವೃತ್ತಾಂತ.

ಮುಂದಿನ 14 ದಿನ ನಡೆದದ್ದು ಧ್ವಂಸವಲ್ಲ, ಜಫ್ತಿ. ಅರಮನೆಯ ಬಂಗಾರ ಹೋಯಿತು. ಕ್ರಿ.ಶ. 70ರಲ್ಲಿ ರೋಮಿನ ದಂಡನಾಯಕ ಟೈಟಸ್ ಜೆರುಸಲೇಮಿನ ದೇವಾಲಯದಿಂದ ದೋಚಿ ತಂದಿದ್ದ ಪೂಜಾ ಸಾಮಗ್ರಿಗಳೂ ಹೋದವು. ರೋಮನರು ಕದ್ದದ್ದನ್ನು ವ್ಯಾಂಡಲರು ಕದ್ದರು. ಕ್ಯಾಪಿಟೋಲ್ ಗುಡ್ಡದ ಜೂಪಿಟರ್ ಗುಡಿಯ ಮೇಲೆ ಬಂಗಾರದ ಲೇಪದ ಕಂಚಿನ ಹೊದಿಕೆ ಇತ್ತು. ಅದರಲ್ಲಿ ಅರ್ಧವನ್ನು ಕಳಚಿಕೊಂಡು ಹೋದರು ಎಂದು ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಉಳಿದರ್ಧವನ್ನು ಯಾಕೆ ಬಿಟ್ಟರೋ, ಹಡಗಿನಲ್ಲಿ ಜಾಗ ಸಾಲಲಿಲ್ಲವೋ ಏನೋ! ಮೂರ್ತಿಗಳನ್ನು ಹೇರಿಕೊಂಡಿದ್ದ ಒಂದು ಹಡಗು ದಾರಿಯಲ್ಲಿ ಮುಳುಗಿತಂತೆ. ಮೂರ್ತಿಗಳನ್ನು ಒಡೆದು ಹಾಕುವವರಾಗಿದ್ದರೆ ಅವನ್ನು ಹಡಗಿಗೆ ಹೇರುವ ಗೊಡವೆ ಏಕೆ ಬೇಕಿತ್ತು?

ಹಾಗಾದರೆ ರೋಮಿನ ಭವ್ಯ ಕಟ್ಟಡಗಳನ್ನು ಕೆಡವಿದವರು ಯಾರು? ಇದಕ್ಕೆ ಸರ್ಕಾರಿ ದಾಖಲೆಯೇ ಇದೆ. ವ್ಯಾಂಡಲರು ಹೋದ ಮೂರೇ ವರ್ಷಕ್ಕೆ, 458ರಲ್ಲಿ, ಚಕ್ರವರ್ತಿ ಮಜೋರಿಯನ್ ಒಂದು ಕಟ್ಟಾಜ್ಞೆ ಹೊರಡಿಸಿದ. ಮನೆ ಕಟ್ಟುವವರು ಕಲ್ಲಿಗಾಗಿ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಒಡೆಯುತ್ತಿದ್ದಾರೆ, ಅಧಿಕಾರಿಗಳು ದಾಕ್ಷಿಣ್ಯಕ್ಕೆ ಬಿದ್ದು ಅನುಮತಿ ಕೊಡುತ್ತಿದ್ದಾರೆ, ಇನ್ನು ಇದು ನಡೆಯಕೂಡದು ಎಂಬುದು ಅದರ ತಾತ್ಪರ್ಯ. ಅನುಮತಿ ಕೊಟ್ಟ ಅಧಿಕಾರಿಗೆ 50 ಪೌಂಡ್ ಬಂಗಾರ ದಂಡ. ಕೈಜೋಡಿಸಿದ ಕೆಳಗಿನ ನೌಕರರಿಗೆ ಛಡಿಯೇಟು, ಮೇಲೆ ಕೈ ಕತ್ತರಿಸುವ ಶಿಕ್ಷೆ. ದೊಡ್ಡವನಿಗೆ ದಂಡ, ಗುಮಾಸ್ತನಿಗೆ ಕೈ ಎಂಬ ಈ ತಾರತಮ್ಯವನ್ನು ಸದ್ಯಕ್ಕೆ ಬದಿಗಿಡೋಣ. ಊರನ್ನು ಇಟ್ಟಿಗೆ ಇಟ್ಟಿಗೆಯಾಗಿ ತಿಂದದ್ದು ಊರಿನವರೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆ ಚಾಳಿ ನಿಲ್ಲಲೂ ಇಲ್ಲ. ಕೊಲೋಸಿಯಂ ಶತಮಾನಗಟ್ಟಲೆ ಕಲ್ಲುಕ್ವಾರಿಯಾಯಿತು. 17ನೇ ಶತಮಾನದಲ್ಲಿ ಬಾರ್ಬರೀನಿ ಮನೆತನದ ಪೋಪ್ ಎಂಟನೇ ಅರ್ಬನ್, ಫಿರಂಗಿ ಎರಕ ಹೊಯ್ಯಲು ರೋಮಿನ ಪುರಾತನ ಗುಡಿ ಪ್ಯಾಂಥಿಯನ್ನಿನ ಮುಖಮಂಟಪದ ಕಂಚನ್ನೇ ಬಿಚ್ಚಿಸಿದ. ಬಾರ್ಬೇರಿಯನ್ನರು ಮಾಡದ್ದನ್ನು ಬಾರ್ಬರೀನಿಗಳು ಮಾಡಿದರೆಂದು ಆಗಲೇ ಊರ ಜನ ಆಡಿಕೊಂಡರು.

ಅತ್ತ ಕಾರ್ಥೇಜಿನಲ್ಲಿ ವ್ಯಾಂಡಲರು ನಾಲ್ಕು ಕಾಲ ಬಾಳಿದ್ದು ಹೇಗೆ? ಪ್ರೊಕೋಪಿಯಸ್ ಹೇಳುವ ಪ್ರಕಾರ ಸುಖವಾಗಿ. ದಿನಾ ಸ್ನಾನಗೃಹ, ರೇಷ್ಮೆ ಬಟ್ಟೆ, ನಾಟಕ, ಬೇಟೆ, ತೋಟಗಳಲ್ಲಿ ಔತಣ. ಅವರ ದೊರೆ ತ್ರಾಸಮುಂಡ್ ಕಟ್ಟಿಸಿದ ಸ್ನಾನಗೃಹಗಳನ್ನು ಹೊಗಳಿ ಲ್ಯಾಟಿನ್ ಕವಿಗಳು ಪದ್ಯ ಬರೆದರು. 533ರಲ್ಲಿ ಪೂರ್ವ ರೋಮ್ ಸಾಮ್ರಾಜ್ಯದ ದಂಡನಾಯಕ ಬೆಲಿಸಾರಿಯಸ್ ಬಂದಿಳಿದು ವರ್ಷದೊಳಗೆ ಇವರ ರಾಜ್ಯವನ್ನು ಮುಗಿಸಿದ. ಆ ಮೇಲೆ ಆ ಕುಲದ ಸದ್ದಿಲ್ಲ. ಅವರಾಡಿದ ಭಾಷೆಯಲ್ಲಿ ಉಳಿದದ್ದು ಜನರ ಹೆಸರುಗಳು, ಬೆರಳೆಣಿಕೆಯ ಮಾತುಗಳು, ಅಷ್ಟೆ.

ಅವರನ್ನು ಸಾಧುಗಳೆಂದು ಹೇಳಹೊರಟರೆ ಅದೂ ತಪ್ಪಾದೀತು. ವ್ಯಾಂಡಲರು ಕ್ಯಾಥೊಲಿಕ್ಕರಿಗೆ ಆಗದ ಏರಿಯನ್ ಪಂಥದ ಕ್ರೈಸ್ತರು. ಗೈಸರಿಕನ ಮಗ ಹ್ಯೂನರಿಕ್ ಕ್ಯಾಥೊಲಿಕ್ ಪಾದ್ರಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಮರುಭೂಮಿಗೆ ಅಟ್ಟಿದ, ಹಿಂಸಿಸಿದ. ಅದನ್ನು ಅನುಭವಿಸಿದವರ ಕಡೆಯ ಪಾದ್ರಿ, ವೀಟಾದ ವಿಕ್ಟರ್, ಬಿಸಿ ಆರುವ ಮೊದಲೇ ಬರೆದಿಟ್ಟ. ಮುಂದಿನ ಸಾವಿರ ವರ್ಷ ಯುರೋಪಿನಲ್ಲಿ ಪುಸ್ತಕ ನಕಲು ಮಾಡಿ ಉಳಿಸಿದವರು ಕ್ಯಾಥೊಲಿಕ್ ಮಠದವರು. ಅವರ ಕಪಾಟಿನಲ್ಲಿ ಉಳಿದದ್ದು ವಿಕ್ಟರನ ಪುಸ್ತಕ. ವ್ಯಾಂಡಲರ ಕಡೆಯಿಂದ ಒಂದು ಪುಟವೂ ಇಲ್ಲ. ಮೊಕದ್ದಮೆಯಲ್ಲಿ ಒಂದೇ ಕಡೆಯ ವಕೀಲ ಹಾಜರಿದ್ದರೆ ತೀರ್ಪು ಎತ್ತ ವಾಲುತ್ತದೆಂದು ಹೇಳಬೇಕಿಲ್ಲ. ಫ್ರೆಂಚ್ ವಿದ್ವಾಂಸ ಕ್ರಿಸ್ತಿಯಾನ್ ಕೂರ್ತ್ವಾ 1955ರಲ್ಲಿ ಆಫ್ರಿಕದ ವ್ಯಾಂಡಲರ ಮೇಲೆ ದೊಡ್ಡ ಗ್ರಂಥ ತಂದ ಮೇಲೆ ಇತಿಹಾಸಕಾರರ ನೋಟ ಬದಲಾಗುತ್ತ ಬಂತು. ಪದ ಬದಲಾಗಲಿಲ್ಲ.

ಇಂಗ್ಲಿಷಿನಲ್ಲಿ ‘ವ್ಯಾಂಡಲ್’ ಎಂದರೆ ಹಾಳುಗೆಡಹುವವನು ಎಂಬ ಬಳಕೆ 17ನೇ ಶತಮಾನದಲ್ಲೇ ಇತ್ತು. 1694ರಲ್ಲಿ ಕವಿ ಜಾನ್ ಡ್ರೈಡನ್ ಚಿತ್ರಕಾರ ನೆಲ್ಲರ್‌ನಿಗೆ ಬರೆದ ಪದ್ಯದಲ್ಲಿ ಗಾಥರನ್ನೂ ವ್ಯಾಂಡಲರನ್ನೂ ಒಂದೇ ಉಸಿರಿನಲ್ಲಿ ಕಲೆಯ ವೈರಿಗಳೆಂದ. ಆದರೆ ಅದಕ್ಕೆ ‘ಇಸಂ’ ಸೇರಿ, ಒಂದು ಕುಲದ ಹೆಸರು ಒಂದು ಅಪರಾಧದ ಹೆಸರಾದದ್ದು ಲಂಡನ್ನಿನಲ್ಲಲ್ಲ. 1794ರ ಪ್ಯಾರಿಸ್ಸಿನಲ್ಲಿ, ಒಬ್ಬ ಪಾದ್ರಿಯ ಬಾಯಲ್ಲಿ.

ಆಂರಿ ಗ್ರೆಗ್ವಾರ್ ಬ್ಲ್ವಾ ಪಟ್ಟಣದ ಬಿಷಪ್. ಫ್ರೆಂಚ್ ಕ್ರಾಂತಿಯ ಪಕ್ಕಾ ಬೆಂಬಲಿಗ. 1792ರ ಸೆಪ್ಟೆಂಬರಿನಲ್ಲಿ ರಾಜಪ್ರಭುತ್ವವನ್ನೇ ರದ್ದು ಮಾಡಬೇಕೆಂದು ರಾಷ್ಟ್ರೀಯ ಸಭೆಯಲ್ಲಿ ಗುಡುಗಿದವರಲ್ಲಿ ಈತ ಮುಂದಿದ್ದ. ಯಹೂದಿಗಳಿಗೆ ಸಮಾನ ಹಕ್ಕು ಬೇಕೆಂದ, ಗುಲಾಮಗಿರಿ ತೊಲಗಬೇಕೆಂದ. 1793ರ ಚಳಿಗಾಲದಲ್ಲಿ ಧರ್ಮದ ಮೇಲೆ ಕ್ರಾಂತಿಕಾರಿಗಳು ಹರಿಹಾಯ್ದಾಗ ಹಲವು ಪಾದ್ರಿಗಳು ಎದ್ದುನಿಂತು ತಮ್ಮ ದೀಕ್ಷೆ ತ್ಯಜಿಸಿದರೆ, ಈತ ಬಿಷಪ್ಪನ ನಿಲುವಂಗಿ ತೊಟ್ಟೇ ಸಭೆಗೆ ಬರುತ್ತಿದ್ದ. ತಲೆ ಉರುಳುತ್ತಿದ್ದ ದಿನಗಳಲ್ಲಿ ಅದು ಸಣ್ಣ ಗುಂಡಿಗೆಯ ಕೆಲಸವಲ್ಲ.

ಆಗ ತಲೆ ಉರುಳುತ್ತಿದ್ದದ್ದು ಮನುಷ್ಯರದಷ್ಟೇ ಅಲ್ಲ. ಪ್ಯಾರಿಸ್ಸಿನ ಪಕ್ಕದ ಸಾಂ ದೆನಿ ಚರ್ಚಿನಲ್ಲಿ ಫ್ರಾನ್ಸಿನ ರಾಜರ ಸಮಾಧಿಗಳಿದ್ದವು. 1793ರ ಆಗಸ್ಟ್‌ನಲ್ಲಿ ಗೋರಿಗಳನ್ನು ಒಡೆದರು. ಅಕ್ಟೋಬರಿನಲ್ಲಿ ಹೆಣಗಳನ್ನೇ ಎತ್ತಿದರು. 1610ರಲ್ಲಿ ಸತ್ತಿದ್ದ ನಾಲ್ಕನೇ ಆಂರಿಯ ದೇಹ ಇನ್ನೂ ಕೆಟ್ಟಿರಲಿಲ್ಲ. ಅದನ್ನು ಜನರ ನೋಟಕ್ಕೆ ಇಟ್ಟು, ಆಮೇಲೆ ಉಳಿದವುಗಳ ಜೊತೆ ಗುಂಡಿಗೆ ತಳ್ಳಿ ಸುಣ್ಣ ಸುರಿದರು. ಶವಪೆಟ್ಟಿಗೆಯ ಸೀಸ ಬಂದೂಕಿನ ಗುಂಡಾಯಿತು. ಚರ್ಚಿನ ಗಂಟೆಗಳು ಫಿರಂಗಿಯಾದವು.

ಅದೇ ಅಕ್ಟೋಬರಿನಲ್ಲಿ ನೋತ್ರ ದಾಮ್ ಕೆಥೆಡ್ರಲ್‌ನ ಸರದಿ. ಮುಂಭಾಗದ ಬಾಗಿಲುಗಳ ಮೇಲೆ 28 ರಾಜರ ಕಲ್ಲಿನ ಮೂರ್ತಿಗಳು ಸಾಲಾಗಿ ನಿಂತಿದ್ದವು. ಕಿರೀಟ ಕಂಡದ್ದೇ ಸಾಕು, ಇವರು ಫ್ರಾನ್ಸಿನ ರಾಜರೆಂದು ನಗರಾಡಳಿತ ಇಳಿಸಲು ಹುಕುಂ ಮಾಡಿತು. ಅಸಲಿಗೆ ಅವರು ಬೈಬಲಿನ ಜುದಾ ರಾಜರು, ಮಾತೆ ಮೇರಿಯ ಪೂರ್ವಿಕರು. ಫ್ರಾನ್ಸಿಗೂ ಅವರಿಗೂ ಯಾವ ಲೇವಾದೇವಿಯೂ ಇರಲಿಲ್ಲ. ಉರುಳಿಸಿದ ಮೂರ್ತಿಗಳ ತುಂಡುಗಳು ಚರ್ಚಿನ ಬದಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದು, ಕಟ್ಟಡದ ಕಲ್ಲೆಂದು ಮಾರಾಟವಾದವು. 1977ರಲ್ಲಿ ಪ್ಯಾರಿಸ್ಸಿನ ಷೊಸೆ ದಾಂತ್ಯಾಂ ಬೀದಿಯ ಒಂದು ಕಟ್ಟಡದಲ್ಲಿ ಕಾಮಗಾರಿಗೆ ನೆಲ ಅಗೆದಾಗ 21 ತಲೆಗಳು ಸಿಕ್ಕವು. ಈಗ ಅವು ಕ್ಲೂನಿ ಮ್ಯೂಸಿಯಮ್ಮಿನಲ್ಲಿವೆ. ಒಂದೊಂದೂ ಮನುಷ್ಯನ ತಲೆಗಿಂತ ಬಹಳ ದೊಡ್ಡದು. ಬಹುತೇಕ ಎಲ್ಲರ ಮೂಗೂ ಹೋಗಿದೆ. 13ನೇ ಶತಮಾನದಲ್ಲಿ ಬಳಿದ ಬಣ್ಣದ ಕುರುಹು ಅಲ್ಲಲ್ಲಿ ಅಂಟಿಕೊಂಡಿದೆ. ಕೆಥೆಡ್ರಲ್‌ನ ಮೇಲೆ ಇವತ್ತು ಪ್ರವಾಸಿಗರು ಫೋಟೊ ತೆಗೆಯುವ ರಾಜರು 19ನೇ ಶತಮಾನದವರು, ವಾಸ್ತುಶಿಲ್ಪಿ ವ್ಯೊಲೆ ಲ ದ್ಯುಕ್ ಜೀರ್ಣೋದ್ಧಾರ ಮಾಡಿಸಿದಾಗ ಕೆತ್ತಿಸಿದವರು.

ಇದನ್ನೆಲ್ಲ ಮಾಡಿದ್ದು ಯಾರೋ ಪುಂಡರ ಗುಂಪು ಅನ್ನುವಂತಿಲ್ಲ. 1792ರ ಆಗಸ್ಟ್ 14ರಂದು ಶಾಸನಸಭೆಯೇ ಕಾನೂನು ಮಾಡಿತ್ತು: ದರ್ಪ, ಮೌಢ್ಯ, ದಬ್ಬಾಳಿಕೆಗಳ ನೆನಪಿಗೆ ಕಟ್ಟಿದ್ದು ಯಾವುದೂ ಸ್ವತಂತ್ರ ಜನರ ಕಣ್ಣಮುಂದೆ ಇರಕೂಡದು; ಕಂಚನ್ನು ಕರಗಿಸಿ ಫಿರಂಗಿ ಮಾಡಬೇಕು. ಮರುವರ್ಷ ಅದೇ ರಾಷ್ಟ್ರದ ಸಭೆ ಇನ್ನೊಂದು ಕಾನೂನು ತಂದು, ಕಲಾಕೃತಿಗಳನ್ನು ಕೆಡಿಸಿದವರಿಗೆ ಎರಡು ವರ್ಷ ಸೆರೆವಾಸ ಎಂದಿತು. ಒಂದು ಕೈಯಲ್ಲಿ ಸುತ್ತಿಗೆ ಕೊಟ್ಟು ಇನ್ನೊಂದು ಕೈಯಲ್ಲಿ ಬೇಡಿ ಹಿಡಿದಂತಾಯಿತು. ಯಾವುದು ದಬ್ಬಾಳಿಕೆಯ ಗುರುತು, ಯಾವುದು ಕಲೆ ಎಂದು ಹಳ್ಳಿಯ ಸಮಿತಿ ತೀರ್ಮಾನಿಸುವುದಾದರೂ ಹೇಗೆ?

ಇಂಥ ಗೊಂದಲದ ನಡುವೆ, 1794ರ ಜನವರಿಯಲ್ಲಿ, ಸ್ಮಾರಕಗಳ ಶಾಸನಗಳ ಬಗ್ಗೆ ಒಂದು ವರದಿ ಓದುವಾಗ ಗ್ರೆಗ್ವಾರ್ ‘ವ್ಯಾಂಡಲಿಸ್ಮ್’ ಎಂಬ ಮಾತನ್ನು ಬಳಸಿದ. ಜುಲೈ ಕೊನೆಯಲ್ಲಿ ಕ್ರಾಂತಿಯ ಉಗ್ರ ನಾಯಕ ರೋಬೆಸ್ಪಿಯರ್ ಅಧಿಕಾರದಿಂದ ಬಿದ್ದ. ಆಗಸ್ಟ್ 31ರಂದು ಗ್ರೆಗ್ವಾರ್ ಇಡೀ ವರದಿಯನ್ನೇ ವ್ಯಾಂಡಲಿಸಮ್ಮಿನ ಮೇಲೆ ಮಂಡಿಸಿದ. ಅಕ್ಟೋಬರಿನಲ್ಲಿ ಒಂದು, ಡಿಸೆಂಬರಿನಲ್ಲಿ ಇನ್ನೊಂದು. ಎಲ್ಲೆಲ್ಲಿ ಏನೇನು ಒಡೆಯಿತು, ಯಾವ ಗ್ರಂಥಾಲಯ ತೇವಕ್ಕೆ ಕೊಳೆಯಿತು, ಯಾವ ಹಸ್ತಪ್ರತಿ ರದ್ದಿಗೆ ಹೋಯಿತು ಎಂಬ ಪಟ್ಟಿ ಅವುಗಳಲ್ಲಿದೆ. ಆ ಪಟ್ಟಿಯ ಉಪಕಾರ ದೊಡ್ಡದು. ಸಾರ್ವಜನಿಕ ಸ್ಮಾರಕ ಎಂದರೆ ರಾಜನ ಸೊತ್ತಲ್ಲ, ಚರ್ಚಿನ ಸೊತ್ತಲ್ಲ, ರಾಷ್ಟ್ರದ ಸೊತ್ತು. ಈಗಿನವರು ಅದರ ಕಾವಲುಗಾರರು ಮಾತ್ರ ಎಂಬ ವಿಚಾರ ಗಟ್ಟಿಯಾದದ್ದು ಇಂಥ ವರದಿಗಳಿಂದ. ಅದೇ ಅಕ್ಟೋಬರಿನಲ್ಲಿ ಈತನ ಪ್ರಸ್ತಾವದಂತೆ ಯಂತ್ರೋಪಕರಣಗಳನ್ನು ಕಾಪಾಡಿ ಕಲಿಸುವ ಸಂಸ್ಥೆಯೊಂದೂ ಪ್ಯಾರಿಸ್ಸಿನಲ್ಲಿ ಹುಟ್ಟಿತು, ಇವತ್ತಿಗೂ ಇದೆ.

ಹೊಣೆ ಹೊರಿಸುವ ವಿಷಯಕ್ಕೆ ಬಂದಾಗ ಮಾತ್ರ ಬಿಷಪ್ಪನ ಜಾಣ್ಮೆ ಕಾಣುತ್ತದೆ. ತಪ್ಪು ಯಾರದು? ಸತ್ತ ರೋಬೆಸ್ಪಿಯರ್‌ನದು, ಅವನ ಬಂಟರದು, ಕ್ರಾಂತಿಗೆ ಕೆಟ್ಟ ಹೆಸರು ತರಲು ಹೊಂಚು ಹಾಕಿದ ಶತ್ರುಗಳದು, ಕಡಿಮೆ ಬೆಲೆಗೆ ಕೊಳ್ಳಲು ಕಾದಿದ್ದ ಪರದೇಶದವರದು. ಕಾನೂನು ಮಾಡಿದ ಸಭೆಯದಲ್ಲ. ಕೈಯೆತ್ತಿ ಮತ ಹಾಕಿದ, ಎದುರಿಗೇ ಕೂತಿದ್ದ ಸದಸ್ಯರದಂತೂ ಅಲ್ಲವೇ ಅಲ್ಲ. ಈ ಕೆಲಸಕ್ಕೆ 1,300 ವರ್ಷ ಹಿಂದಿನ, ಕೇಳಲು ಒಬ್ಬ ವಾರಸುದಾರನೂ ಇಲ್ಲದ ಕುಲದ ಹೆಸರಿಗಿಂತ ಅನುಕೂಲವಾದದ್ದು ಏನು ಸಿಕ್ಕೀತು? ಫ್ರೆಂಚರು ಕೆಡವಿದ್ದನ್ನು ‘ವ್ಯಾಂಡಲಿಸಂ’ ಎಂದ ಕೂಡಲೇ ಕೆಡವಿದವನು ಫ್ರೆಂಚನಾಗಿ ಉಳಿಯುವುದಿಲ್ಲ, ಹೊರಗಿನವನಾಗುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮ ಗಾದೆ. ಇಲ್ಲಿ ಎಮ್ಮೆ ಸತ್ತು ಶತಮಾನಗಳೇ ಕಳೆದಿದ್ದವು.

ಆದರೂ ಎಮ್ಮೆಯ ಪರ ಮಾತಾಡಿದವರು ಇದ್ದರು. ವ್ಯಾಂಡಲರ ಮೂಲನೆಲೆಯಾಗಿದ್ದ ಜರ್ಮನ್ ಸೀಮೆಯ ವಿದ್ವಾಂಸರು, ನಮ್ಮ ಪೂರ್ವಿಕರು ಯೋಧರಾಗಿದ್ದರೇ ಹೊರತು ಧ್ವಂಸಕರಲ್ಲ, ಇದು ಅವಮಾನ ಎಂದು ಆಕ್ಷೇಪಿಸಿದರಂತೆ. ಹೀಗೆಂದು ಗ್ರೆಗ್ವಾರನೇ ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ. ಆ ಕೃತ್ಯವನ್ನು ಕೊಲ್ಲಲೆಂದೇ ಈ ಪದವನ್ನು ಹುಟ್ಟಿಸಿದೆ ಎಂದೂ ಅಲ್ಲಿ ಹೇಳಿಕೊಂಡಿದ್ದಾನೆ. ಕೃತ್ಯವೇನೂ ಸಾಯಲಿಲ್ಲ, ಪದ ಮಾತ್ರ ಹುಲುಸಾಗಿ ಬೆಳೆಯಿತು. 1798ರ ಫ್ರೆಂಚ್ ಅಕಾಡೆಮಿಯ ನಿಘಂಟು ಕ್ರಾಂತಿಕಾಲದ ಹೊಸ ಪದಗಳ ಅನುಬಂಧದಲ್ಲಿ ಅದಕ್ಕೆ ಜಾಗ ಕೊಟ್ಟಿತು. ಶತಮಾನ ಮುಗಿಯುವುದರೊಳಗೆ ಇಂಗ್ಲಿಷಿಗೂ ಬಂತು.

ಮುಂದೆ ಆ ಪದ ಎಲ್ಲರ ಕೈಗೆ ಸಿಕ್ಕ ಕಲ್ಲಾಯಿತು. 1833ರಲ್ಲಿ ಮೊಂತಾಲಾಂಬೇರ್ ಎಂಬ ಲೇಖಕ ವಿಕ್ಟರ್ ಹ್ಯೂಗೋನಿಗೆ ಬರೆದ ಬಹಿರಂಗ ಪತ್ರದಲ್ಲಿ, ಕೆಡವುವವರಷ್ಟೇ ಅಲ್ಲ, ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಚರ್ಚಿಗೆ ಸುಣ್ಣ ಬಣ್ಣ ಬಳಿದು ಅಂದಗೆಡಿಸುವವರೂ ವ್ಯಾಂಡಲರೇ ಎಂದ. ನಮ್ಮ ಹಳೆಯ ಗುಡಿಗಳ ಕಲ್ಲಿನ ಕಂಬಗಳಿಗೆ ಆಯಿಲ್ ಪೇಂಟ್ ಹೊಡೆಸುವ ಸಮಿತಿಯವರು ಈ ಪತ್ರ ಓದಬೇಕು. 1871ರಲ್ಲಿ, ಬಂಡಾಯಗಾರರು ನಗರ ಆಳಿದ ಪ್ಯಾರಿಸ್ ಕಮ್ಯೂನಿನ ಕಾಲದಲ್ಲಿ, ನೆಪೋಲಿಯನ್ನನ ವಾಂದೋಮ್ ಸ್ತಂಭವನ್ನು ಉರುಳಿಸಿದರು. ಆ ಹೊಣೆ ಚಿತ್ರಕಾರ ಗುಸ್ತಾವ್ ಕೂರ್ಬೆಯ ತಲೆಗೆ ಬಿತ್ತು. ಆರು ತಿಂಗಳ ಜೈಲು ಆಯಿತು. ಆಮೇಲೆ ಸ್ತಂಭ ಮತ್ತೆ ನಿಲ್ಲಿಸುವ ಖರ್ಚು ಮೂರು ಲಕ್ಷ 23 ಸಾವಿರ ಫ್ರಾಂಕ್‌ಗಳನ್ನು ವರ್ಷಕ್ಕೆ 10,000ದಂತೆ ಕಟ್ಟಬೇಕೆಂದಾಯಿತು. ಮೊದಲ ಕಂತಿನ ಹಿಂದಿನ ದಿನ, 1877ರ ಡಿಸೆಂಬರ್ 31ರಂದು, ಸ್ವಿಟ್ಜರ್ಲೆಂಡಿನಲ್ಲಿ ಕೂರ್ಬೆ ತೀರಿಕೊಂಡ. ಕಂಚನ್ನು ಕರಗಿಸಿ ಫಿರಂಗಿ ಮಾಡಿದರೆ ದೇಶಸೇವೆ, ಫಿರಂಗಿ ಕರಗಿಸಿ ಮಾಡಿದ ಸ್ತಂಭ ಕೆಡವಿದರೆ ಅಪರಾಧ.

ಕಾನೂನು ಬರೆಯುವವರು ಈ ಪದವನ್ನು ಸಾಮಾನ್ಯವಾಗಿ ದೂರವೇ ಇಡುತ್ತಾರೆ. ಸ್ಕಾಟ್ಲೆಂಡ್ ಒಂದು ಅಪವಾದ; ಅಲ್ಲಿ 1980ರಿಂದ ವ್ಯಾಂಡಲಿಸಂ ಎಂಬುದೇ ಶಾಸನಬದ್ಧ ಅಪರಾಧ. ನಮ್ಮ 1984ರ ಕಾಯ್ದೆ ‘ಸಾರ್ವಜನಿಕ ಆಸ್ತಿ ಹಾನಿ’ ಎನ್ನುತ್ತದೆ. ಕನ್ನಡ ಪತ್ರಿಕೆಗಳಿಗೆ ‘ಕಿಡಿಗೇಡಿಗಳು’ ಇದ್ದೇ ಇದ್ದಾರೆ. 2019ರ ಫೆಬ್ರುವರಿಯಲ್ಲಿ ಹಂಪಿಯ ಗಜಶಾಲೆಯ ಹಿಂದಿನ ಗುಡಿಯ ಬಳಿ ಯುವಕರು ಕಲ್ಲುಕಂಬವನ್ನು ತಳ್ಳಿ ಬೀಳಿಸುವ ವಿಡಿಯೊ ಹರಿದಾಡಿತಲ್ಲ, ಆಗಲೂ ಶೀರ್ಷಿಕೆಗಳಲ್ಲಿ ಅವರೇ ಇದ್ದರು. ನ್ಯಾಯಾಲಯ ನಾಲ್ವರಿಗೂ ತಲಾ 70,000 ರೂಪಾಯಿ ದಂಡ ಹಾಕಿತು. ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಲಾಯಿತು. ಮಜೋರಿಯನ್ನನ ಶಿಕ್ಷೆಗಿಂತ ಇದು ಎಷ್ಟೋ ಮೇಲು.

ಗೈಸರಿಕ್ ರೋಮಿಗೆ ಹೊರಟ ಹೊತ್ತಿನಲ್ಲೇ, ಸುಮಾರು 450ರಲ್ಲಿ, ನಮ್ಮ ಹಲ್ಮಿಡಿಯ ಶಾಸನವನ್ನು ಕಲ್ಲಿಗೆ ಕಡೆದರು ಎಂದು ವಿದ್ವಾಂಸರ ಅಂದಾಜು. ಕೊಟ್ಟ ದತ್ತಿಯನ್ನು ಅಳಿದವನಿಗೆ ಮಹಾಪಾತಕ ಎಂದು ಅದರಲ್ಲೂ ಇದೆ. ಅಳಿಯುವವನು ಯಾವ ಕುಲದವನು, ಯಾವ ದಿಕ್ಕಿನಿಂದ ಬಂದವನು ಎಂದು ಅದು ಕೇಳುವುದಿಲ್ಲ. ನಂತರದ ಶಾಸನಗಳು ಇನ್ನೂ ಬಿಡಿಸಿ ಹೇಳುತ್ತವೆ: ತಾನೇ ಕೊಟ್ಟದ್ದಿರಲಿ, ಬೇರೆಯವರು ಕೊಟ್ಟದ್ದಿರಲಿ, ಕಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗುತ್ತಾನೆ. ತನ್ನ ವಂಶದವರೇ ನಾಳೆ ಕೈಹಾಕಬಹುದು ಎಂಬ ಅಂಜಿಕೆ ಆ ಶಾಸನ ಬರೆಸಿದವರಿಗೆ ಚೆನ್ನಾಗಿಯೇ ಇತ್ತು.

ಗ್ರೆಗ್ವಾರನಿಗೆ ಆ ಅಂಜಿಕೆ ತನ್ನ ಬಗ್ಗೆಯೇ ಇರಬೇಕಿತ್ತು. ವ್ಯಾಂಡಲಿಸಂ ವಿರುದ್ಧ ಮೂರು ವರದಿ ಮಂಡಿಸಿದ ಅದೇ 1794ರ ಜೂನ್ 4ರಂದು, ಅದೇ ಸಭೆಯಲ್ಲಿ, ಆತ ಇನ್ನೊಂದು ವರದಿ ಓದಿದ್ದ. ಅದರ ತಲೆಬರಹದಲ್ಲೇ ಉದ್ದೇಶವಿದೆ: ಆಡುನುಡಿಗಳನ್ನು ನಿರ್ನಾಮ ಮಾಡಿ ಫ್ರೆಂಚನ್ನು ಸಾರ್ವತ್ರಿಕಗೊಳಿಸುವ ಅಗತ್ಯ ಮತ್ತು ಮಾರ್ಗಗಳು. 1790ರಿಂದಲೇ 43 ಪ್ರಶ್ನೆಗಳ ಪಟ್ಟಿಯನ್ನು ಊರೂರಿಗೆ ಕಳಿಸಿ ಮಾಹಿತಿ ಕಲೆಹಾಕಿದ್ದ. ಕನಿಷ್ಠ 60 ಲಕ್ಷ ಜನರಿಗೆ ಫ್ರೆಂಚ್ ಬಾರದು, ಇನ್ನೂ ಅಷ್ಟೇ ಜನರಿಗೆ ಸಲೀಸಾಗಿ ಮಾತಾಡಲು ಬಾರದು, ಶುದ್ಧವಾಗಿ ಆಡಬಲ್ಲವರು 30 ಲಕ್ಷ ಮೀರುವುದಿಲ್ಲ ಎಂದು ಆತನ ಲೆಕ್ಕ. ಕಾನೂನು ಅರ್ಥವಾಗದ ರೈತ ಸ್ವತಂತ್ರ ಪ್ರಜೆಯಾಗುವುದು ಹೇಗೆ ಎಂಬ ಅವನ ಪ್ರಶ್ನೆಯಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಕಾನೂನನ್ನು ರೈತನ ಭಾಷೆಗೆ ತರುವ ದಾರಿ ಆತನಿಗೆ ಹಿಡಿಸಲಿಲ್ಲ. ರೈತನ ಭಾಷೆಯೇ ಹೋಗಬೇಕೆಂದ. ಕಲ್ಲಿನ ಮೂರ್ತಿಯ ಮೂಗು ಒಡೆದವನನ್ನು ವ್ಯಾಂಡಲ್ ಎಂದವನಿಗೆ, ಬ್ರೆಟನ್, ಬಾಸ್ಕ್, ಆಕ್ಸಿಟಾನ್ ಮಾತುಗಳು ಮನೆಮನೆಯಲ್ಲಿ ಆಡುತ್ತಿದ್ದ ಜೀವಂತ ಸೊತ್ತೆಂದು ಹೊಳೆಯಲಿಲ್ಲ. ಅವನ ಆಸೆಯನ್ನು 19ನೇ ಶತಮಾನದ ಶಾಲೆಗಳು ನೆರವೇರಿಸಿದವು. ಬ್ರೆಟನ್ ಮಾತಾಡಿ ಸಿಕ್ಕಿಬಿದ್ದ ಹುಡುಗನ ಕೊರಳಿಗೆ ಮೇಷ್ಟ್ರು ಅವಮಾನದ ಗುರುತೊಂದನ್ನು ತೂಗುಹಾಕುತ್ತಿದ್ದರು, ಅದನ್ನು ಕಳಚಬೇಕಾದರೆ ಬ್ರೆಟನ್ ಆಡುವ ಇನ್ನೊಬ್ಬ ಹುಡುಗನನ್ನು ಹಿಡಿದುಕೊಡಬೇಕಿತ್ತು.

1989ರ ಡಿಸೆಂಬರಿನಲ್ಲಿ ಗ್ರೆಗ್ವಾರನ ಅವಶೇಷಗಳನ್ನು, ರಾಷ್ಟ್ರದ ಮಹನೀಯರ ಸಮಾಧಿಗಳಿರುವ ಪ್ಯಾರಿಸ್ಸಿನ ಪ್ಯಾಂಥಿಯನ್ನಿಗೆ ಗೌರವದಿಂದ ಸಾಗಿಸಿದರು. 2008ರಲ್ಲಿ ಫ್ರಾನ್ಸಿನ ಸಂವಿಧಾನಕ್ಕೆ ಹೊಸದೊಂದು ವಿಧಿ ಸೇರಿತು: ಪ್ರಾದೇಶಿಕ ಭಾಷೆಗಳು ಫ್ರಾನ್ಸಿನ ಪರಂಪರೆಗೆ ಸೇರಿದವು. ಅಂದರೆ ಕಾಗದದ ಮೇಲೆ ಅವು ಈಗ ನೋತ್ರ ದಾಮ್‌ನ ಸಾಲಿನಲ್ಲಿವೆ. 2021ರ ಮೇ ತಿಂಗಳಲ್ಲಿ, ಶಾಲೆಯ ಪಾಠಗಳನ್ನೆಲ್ಲ ಬ್ರೆಟನ್ನಿನಂಥ ಭಾಷೆಯಲ್ಲೇ ನಡೆಸಲು ಅವಕಾಶ ಕೊಟ್ಟಿದ್ದ ಹೊಸ ಕಾನೂನಿನ ಅಂಶವನ್ನು ಅಲ್ಲಿನ ಸಂವಿಧಾನ ಮಂಡಳಿ ಅಸಿಂಧುಗೊಳಿಸಿತು. ಅದು ಕೊಟ್ಟ ಕಾರಣ, ಅದೇ ಸಂವಿಧಾನದ ಎರಡನೇ ವಿಧಿ: ಗಣರಾಜ್ಯದ ಭಾಷೆ ಫ್ರೆಂಚ್.